ಜರ್ಮನ್ ಕೋಟಿನ ಮೊಣಕೈ

ಕೆಲವು ವಿದ್ಯೆಗಳನ್ನು ಕಲಿಯುವುದರಲ್ಲಿ ಅಪಾಯವಿಲ್ಲ, ಕಲಿತಿದ್ದೇವೆಂದು ನಾಲ್ಕು ಜನರಿಗೆ ಗೊತ್ತಾಗುವುದರಲ್ಲಿ ಇದೆ. ಹಾರ್ಮೋನಿಯಂ ಬರುತ್ತದೆ ಎಂದವನನ್ನು ಪ್ರತಿ ಭಜನೆಗೂ ಹೊತ್ತೊಯ್ಯುತ್ತಾರೆ. ಬಿಸಿಬೇಳೆಬಾತ್ ಚೆನ್ನಾಗಿ ಮಾಡುತ್ತೇನೆ ಎಂದು ಬಾಯಿಬಿಟ್ಟ ಗಂಡಸು ಮತ್ತೆಂದೂ ಪಂಕ್ತಿಯಲ್ಲಿ ಕೂತು ಉಂಡದ್ದನ್ನು ನಾನು ನೋಡಿಲ್ಲ. ನನಗೆ ಬರುವುದು ಹೊಲಿಗೆ. ನಮ್ಮಪ್ಪ ದಾವಣಗೆರೆಯಲ್ಲಿ ಯೂನಿಫಾರಂ ಟೈಲರ್ ಆಗಿದ್ದರು. ಶಾಲೆಯ ಮಕ್ಕಳ ಚಡ್ಡಿಯಿಂದ ಹಿಡಿದು ಪೊಲೀಸರ ಖಾಕಿಯವರೆಗೆ, ಊರಿನಲ್ಲಿ ಒಂದೇ ಥರದ ಬಟ್ಟೆ ತೊಡಬೇಕಾದವರೆಲ್ಲ ನಮ್ಮ ಅಂಗಡಿಗೆ ಬರುತ್ತಿದ್ದರು. ಡಿಗ್ರಿ ಮುಗಿಯುವವರೆಗೂ ನನ್ನ ಸಂಜೆಗಳು ಅಲ್ಲಿ ಕಾಜಾ ಹೊಲಿಯುವುದರಲ್ಲಿ ಕಳೆದವು. ಸೊಟ್ಟ ಹೊಲಿಗೆ ಕಂಡರೆ ಅಪ್ಪ ಬೈಯುತ್ತಿರಲಿಲ್ಲ, ಮಾತಾಡದೆ ಬಿಚ್ಚಿ ನನ್ನ ಕೈಗೇ ಕೊಡುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸಿಡ್ನಿಗೆ ಬಂದು ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ಈ ಸಂಗತಿಯನ್ನು ಮುಚ್ಚಿಟ್ಟೆ. ಅದಕ್ಕೆ ನಾಚಿಕೆ ಕಾರಣವಲ್ಲ ಎಂದು ಹೇಳಿಕೊಳ್ಳುತ್ತಿರುತ್ತೇನೆ. ಮಾರ್ಸ್ಡನ್ ಪಾರ್ಕ್ ಬಡಾವಣೆಯ ನಮ್ಮ ಬೀದಿಯೊಂದರಲ್ಲೇ ಆರು ಕನ್ನಡದ ಮನೆಗಳಿವೆ. ಆ ಆರು ಮನೆಗಳಲ್ಲಿ ಎಷ್ಟು ಪ್ಯಾಂಟುಗಳ ಕಾಲು ಉದ್ದವಾಗಿವೆ, ಎಷ್ಟು ಬ್ಲೌಸುಗಳು ಬಿಗಿಯಾಗಿವೆ ಎಂದು ಯೋಚಿಸಿದವರಿಗೆ ನನ್ನ ಭಯ ಅರ್ಥವಾದೀತು. ಹೊಲಿಗೆ ಮಿಷನ್ನನ್ನು ಗ್ಯಾರೇಜಿನ ಮೂಲೆಯಲ್ಲಿಟ್ಟು, ಬಾಗಿಲು ಎಳೆದುಕೊಂಡು, ಕಳ್ಳಸಾಗಣೆ ಮಾಡುವವನಂತೆ ಕರ್ಟನ್ ಹೊಲಿಯುತ್ತಿದ್ದೆ.

ಒಂದು ಶನಿವಾರ ಸೆಖೆ ತಡೆಯಲಾರದೆ ಬಾಗಿಲನ್ನು ಅರ್ಧ ಎತ್ತಿದ್ದೆ. ಪಕ್ಕದ ಮನೆಯ ಗ್ರೆಗ್ ಬಗ್ಗಿ ಒಳಗೆ ನೋಡಿದ. ಗ್ರೆಗ್ ರಿಟೈರಾದ ಪ್ಲಂಬರ್, ಅರವತ್ತು ದಾಟಿದವನು. ಹಳೆಯ ಯುದ್ಧಗಳನ್ನು ಅದೇ ವೇಷದಲ್ಲಿ ಜನರ ಮುಂದೆ ಆಡಿ ತೋರಿಸುವ ತಂಡವೊಂದರ ಸದಸ್ಯ. ಅವರದು ಎರಡನೇ ಮಹಾಯುದ್ಧ, ಉತ್ತರ ಆಫ್ರಿಕಾದ ಮರುಭೂಮಿ. ಅವನು ಹೋಗಿ ಒಂದು ಕೋಟು ತಂದ. ಆನ್‌ಲೈನಿನಲ್ಲಿ ತರಿಸಿದ ಜರ್ಮನ್ ಸೈನಿಕನ ಕೋಟು, ಕೈ ಎತ್ತಿದಾಗಲೆಲ್ಲ ಕಂಕುಳಲ್ಲಿ ಹರಿಯುತ್ತದಂತೆ. ಒಂದು ಹೊಲಿಗೆ ಹಾಕಿಕೊಡಲು ಆಗುತ್ತದೆಯೇ ಎಂದು ಕೇಳಿದ. ಆಗುತ್ತದೆ ಎಂದು ಹಾಕಿಕೊಟ್ಟು ಸುಮ್ಮನಿದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ. "ಹೊಲಿಗೇದು ತಪ್ಪಲ್ಲ, ಕಟಿಂಗೇ ತಪ್ಪು," ಎಂದುಬಿಟ್ಟೆ. ಗ್ರೆಗ್ ನನ್ನ ಮುಖ ನೋಡಿದ. ಒಂದು ವಾರದೊಳಗೆ ನಾಲ್ಕು ಕೋಟುಗಳ ಅಳತೆ ನನ್ನ ಗೋಡೆಯ ಮೇಲಿತ್ತು.

ಅವರ ತಂಡದಲ್ಲಿ ಎಲ್ಲರಿಗೂ ಆಸ್ಟ್ರೇಲಿಯದ ಸೈನಿಕನಾಗಬೇಕೆಂಬ ಆಸೆ. ಜರ್ಮನ್ ಆಗಲು ಯಾರೂ ಮುಂದೆ ಬರುವುದಿಲ್ಲ. ಗ್ರೆಗ್ ಮತ್ತು ಇನ್ನು ಮೂವರು ತಾವಾಗಿಯೇ ಒಪ್ಪಿಕೊಂಡಿದ್ದರು. ಒಪ್ಪಿಕೊಂಡ ಮೇಲೆ ಎಲ್ಲವೂ ಅಸಲಿಯಂತೆಯೇ ಇರಬೇಕೆಂದು ಗ್ರೆಗ್‌ನ ಹಟ. ದಾರ ಹತ್ತಿಯದೇ ಆಗಬೇಕು. ಪಾಲಿಯೆಸ್ಟರ್ ಬೆರೆತಿದೆಯೇ ಎಂದು ತುದಿಗೆ ಬೆಂಕಿ ಹಚ್ಚಿ ಮೂಸುತ್ತಿದ್ದ. ಗುಂಡಿಗಳನ್ನು ಹೊಲಿಯುವಂತಿಲ್ಲ, ಒಗೆಯುವಾಗ ಬಿಚ್ಚಿಡಲು ಬರುವ ಹಾಗೆ ಒಳಗಿನಿಂದ ರಿಂಗ್ ಹಾಕಬೇಕು. ಇದು ನನಗೆ ಹೊಸದೇನಲ್ಲ, ನಮ್ಮ ಪೊಲೀಸರ ಗುಂಡಿಗಳೂ ಹಾಗೆಯೇ ಇದ್ದವು. ಕಷ್ಟವಾದದ್ದು ಬಣ್ಣ. ಆ ಕೋಟುಗಳು ಹೊಸದರಲ್ಲಿ ಹಸಿರು, ಮರುಭೂಮಿಯ ಬಿಸಿಲಿಗೆ ಬೆಳ್ಳಗಾಗುತ್ತ ಮರಳಿನ ಬಣ್ಣಕ್ಕೆ ತಿರುಗುತ್ತಿದ್ದವಂತೆ. ಹಾಗಾಗಿ ನಾನು ಹೊಸ ಬಟ್ಟೆ ಹೊಲಿದು, ಅದನ್ನು ಹಳತು ಮಾಡಲು ದಿನಾ ಒಗೆದು ಹಿತ್ತಲಲ್ಲಿ ಒಣಹಾಕುತ್ತಿದ್ದೆ. ನನ್ನ ಸ್ವಂತ ಅಂಗಿಗಳು ಬಕೆಟ್ಟಿನಲ್ಲಿ ಕಾಯುತ್ತಿದ್ದವು.

ಒಂದು ಭಾನುವಾರ ಹತ್ತಿರದ ದಿ ಪಾಂಡ್ಸ್ ಬಡಾವಣೆಯಿಂದ ಪದ್ಮಾ ಆಂಟಿ ಊಟಕ್ಕೆ ಬಂದಿದ್ದರು. ಅವರು ಕಿಟಕಿಯಿಂದ ಹಿತ್ತಲನ್ನು ಬಹಳ ಹೊತ್ತು ನೋಡಿ, ನನ್ನ ಹೆಂಡತಿ ಸುಧಾಳನ್ನು ಮೆಲ್ಲಗೆ ಕೇಳಿದರು. "ಏನಮ್ಮ, ನಿಮ್ಮೆಜಮಾನ್ರು ಐಟಿ ಕೆಲ್ಸ ಬಿಟ್ಟು ಸೆಕ್ಯುರಿಟಿಗೆ ಸೇರ್ಕೊಂಡ್ರಾ?"

"ಇಲ್ಲ ಆಂಟಿ," ಎಂದಳು ಸುಧಾ ಚಪಾತಿ ಬಡಿಸುತ್ತ. "ಜರ್ಮನ್ ಮಿಲಿಟರಿಗೆ."

ಆ ದಿನ ಆಂಟಿ ಎರಡನೇ ಚಪಾತಿ ಹಾಕಿಸಿಕೊಳ್ಳಲಿಲ್ಲ.

ಅವರು ಹೋದ ಮೇಲೆ ಸುಧಾ ಸರಿಯಾಗಿಯೇ ಕೇಳಿದಳು. "ರೀ, ಆ ಯೂನಿಫಾರಂ ಹಾಕ್ಕೊಂಡವ್ರು ಏನೇನ್ ಮಾಡಿದಾರೆ ಅಂತ ಗೊತ್ತಲ್ವಾ? ಅದನ್ನ ಇಷ್ಟು ಪ್ರೀತಿಯಿಂದ ಹೊಲೀಬೇಕಾ?" ಮಾರನೆಯ ದಿನ ಗ್ರೆಗ್‌ನ ಬಳಿ ಹೋಗಿ, ಎದೆಯ ಮೇಲಿನ ನಾಜಿಗಳ ಹದ್ದಿನ ಚಿಹ್ನೆಯನ್ನು ಮಾತ್ರ ನಾನು ಮುಟ್ಟುವುದಿಲ್ಲ ಎಂದೆ. ಅದನ್ನು ತಾವೂ ಹಾಕುವುದಿಲ್ಲ ಎಂದ. ಹಾಗಾದರೆ ಮಿಕ್ಕದ್ದಕ್ಕೆ ಯಾಕಿಷ್ಟು ಹಟ ಎಂದು ಕೇಳಿದೆ. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

"ನಮ್ಮಜ್ಜ ಆಫ್ರಿಕಾದ ಟೊಬ್ರುಕ್‌ನಲ್ಲಿ ಜರ್ಮನರ ಎದುರು ಯುದ್ಧದಲ್ಲಿದ್ದ. ವಾಪಸ್ ಬಂದಾಗ ಬಲಗೈಲಿ ಎರಡು ಬೆರಳು ಇರಲಿಲ್ಲ. ಎದುರಿಗೆ ನಿಂತ ಜರ್ಮನ್ ನಾಟಕದ ಕೋಡಂಗಿ ಥರ ಕಂಡ್ರೆ, ಅಜ್ಜ ಹೆದರಿದ್ದೂ ಕೋಡಂಗಿಗೇ ಅಂತಾಗುತ್ತೆ."

ಆ ರಾತ್ರಿ ಕಾಲರನ್ನು ಮೂರು ಸಲ ಬಿಚ್ಚಿ ಹೊಲಿದೆ.

ಪ್ರದರ್ಶನ ಮೆಲ್ಬರ್ನಿನ ಹೊರಗಿನ ಒಂದು ಮೈದಾನದಲ್ಲಿ. ಗ್ರೆಗ್‌ನ ವ್ಯಾನಿನಲ್ಲಿ ನಾನೂ ಹೋದೆ. ಬಟ್ಟೆಗೆ ಏನಾದರೂ ಆದರೆ ನೋಡಿಕೊಳ್ಳಲು ಎಂಬುದು ನೆಪ, ಆಫೀಸಿನಲ್ಲಿ ಅದನ್ನು ಹೇಳಲಾಗದೆ ಸುಮ್ಮನೆ ರಜೆ ಹಾಕಿದ್ದೆ. ನಿಜವಾಗಿ ಹೋದದ್ದು ಹೊಗಳಿಕೆ ಕೇಳಲು. ಬೆಳಿಗ್ಗೆ ನಾನು ಕಾಫಿ ತರಲು ಹೋದಾಗ ಗ್ರೆಗ್‌ನ ಕೋಟಿನ ತೋಳು ವ್ಯಾನಿನ ಬಾಗಿಲ ಕೊಂಡಿಗೆ ಸಿಕ್ಕಿ ಮೊಣಕೈಯಲ್ಲಿ ಹರಿಯಿತು. ನಾನು ಬರುವಷ್ಟರಲ್ಲಿ, ನಾನು ದಾರ ಪೋಣಿಸಿಟ್ಟಿದ್ದ ಸೂಜಿ ಹಿಡಿದು ಅವನೇ ಹೊಲಿದುಕೊಂಡಿದ್ದ. ಆ ಹೊಲಿಗೆಯನ್ನು ಏನೆಂದು ಹೇಳಲಿ. ಒಂದು ಉದ್ದ, ಒಂದು ಗಿಡ್ಡ, ಒಂದು ಅಡ್ಡ. ಬಟ್ಟೆ ನೆರಿಗೆಗಟ್ಟಿ ಗಾಯದ ಕಲೆಯ ಹಾಗೆ ಉಬ್ಬಿ ನಿಂತಿತ್ತು. ಬಿಚ್ಚಿ ಕೊಡು ಎಂದರೆ ಟೈಮಿಲ್ಲ ಎಂದ. ನಾನು ದಿನವಿಡೀ ಆ ಮೊಣಕೈ ಯಾರಿಗೂ ಕಾಣದಂತೆ ಅವನ ಬಲಪಕ್ಕಕ್ಕೆ ಅಂಟಿಕೊಂಡು ಓಡಾಡಿದೆ.

ಮಧ್ಯಾಹ್ನದವರೆಗೆ ನನ್ನ ಕಾಲರನ್ನು ಒಬ್ಬರೂ ನೋಡಲಿಲ್ಲ. ಜನ ಬಂದರು, ಯುದ್ಧಕಾಲದ ಮೋಟಾರ್ ಸೈಕಲ್ಲಿನ ಫೋಟೋ ತೆಗೆದರು, ಸಾಸೇಜ್ ತಿಂದರು. ಆಮೇಲೆ ಕೋಲೂರಿಕೊಂಡು ಒಬ್ಬ ವೃದ್ಧೆ ನಮ್ಮ ಟೆಂಟಿನ ಮುಂದೆ ನಿಂತರು. ಹೆಸರು ಇಂಗ್ರಿಡ್. ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ ವಾಸ. ಅವರ ತಂದೆ ಇಂಥದೇ ಕೋಟು ತೊಟ್ಟು ಆಫ್ರಿಕಾದಲ್ಲಿ ಸೆರೆಸಿಕ್ಕಿದ್ದವರು. ಯುದ್ಧ ಮುಗಿದ ಮೇಲೆ ಸಂಸಾರದೊಡನೆ ಮೆಲ್ಬರ್ನಿಗೆ ಬಂದು ಬಡಗಿ ಕೆಲಸ ಮಾಡಿದರಂತೆ. ಇಂಗ್ರಿಡ್ ಗ್ರೆಗ್‌ನ ತೋಳು ಹಿಡಿದು, ಮೊಣಕೈಯನ್ನು ಬೆರಳಿನಿಂದ ಸವರಿದರು. ಅವರ ತಂದೆಯ ಕೋಟಿನಲ್ಲೂ ಅಲ್ಲೇ ಹರಿದಿತ್ತಂತೆ. ತಂದೆಯೂ ಹೀಗೆಯೇ ಹೊಲಿದುಕೊಂಡಿದ್ದರಂತೆ.

"ಇದನ್ನು ಹೊಲಿದವರು ಯಾರು?"

ಅವರು ಇಡೀ ಕೋಟಿನ ಬಗ್ಗೆ ಕೇಳುತ್ತಿದ್ದಾರೆ ಎಂದುಕೊಂಡು ಗ್ರೆಗ್ ನನ್ನನ್ನು ತೋರಿಸಿದ. ಇಂಗ್ರಿಡ್ ನನ್ನತ್ತ ತಿರುಗಿದರು. ಮೊಣಕೈಯ ಮೇಲೆ ಬೆರಳಿಟ್ಟು, "ಇದೂ ನಿಮ್ಮ ಕೈಯದೇ?" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಬೆಳಗಿನಿಂದ ಒಂದು ಒಳ್ಳೆಯ ಮಾತಿಗಾಗಿ ಕಾದು ನಿಂತವನು ನಾನು. ಹೌದು ಎಂದುಬಿಟ್ಟೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು, ವಿಳಾಸ ಬರೆಸಿಕೊಂಡು ಹೋದರು. ಗ್ರೆಗ್ ಸಿಡ್ನಿಗೆ ವಾಪಸ್ ಬರುವ ಇಡೀ ದಾರಿಯಲ್ಲೂ ಆ ವಿಷಯ ಎತ್ತಲಿಲ್ಲ. ದಾರಿ ಬಹಳ ಉದ್ದವಾಗಿತ್ತು.

ಮೂರನೆಯ ವಾರ ಒಂದು ಪಾರ್ಸೆಲ್ ಬಂತು. ಒಳಗೆ ಇಂಗ್ರಿಡ್ ಅವರ ತಂದೆಯ ಕೋಟು, ಅಸಲಿ ಕೋಟು, ಜೊತೆಗೊಂದು ಕಾಗದ. ತಂದೆ ಹಾಕಿದ ಹೊಲಿಗೆ ಈಗ ಬಿಡುತ್ತಿದೆ. ಅಂಗಡಿಗೆ ಕೊಟ್ಟರೆ ನೀಟಾಗಿ ಹೊಲಿದುಬಿಡುತ್ತಾರೆ ಎಂಬ ಭಯದಿಂದ ಇಷ್ಟು ವರ್ಷ ಯಾರಿಗೂ ಕೊಟ್ಟಿಲ್ಲ. ದಯವಿಟ್ಟು ನೀವು ಆ ಮೊಣಕೈಗೆ ಹೊಲಿದ ಹಾಗೆಯೇ ಹೊಲಿದು ಕಳಿಸಿ ಎಂದು ಬರೆದಿದ್ದರು.

ಮೊದಲು ಅಸಲಿ ಕೋಟನ್ನು ನಾನು ಹೊಲಿದದ್ದರ ಪಕ್ಕದಲ್ಲಿಟ್ಟು ಅಳೆದೆ. ಕಾಲರ್ ಸರಿಯಾಗಿತ್ತು. ಆಮೇಲೆ ಚಿಂದಿ ಬಟ್ಟೆಯ ಮೇಲೆ ಸೊಟ್ಟ ಹೊಲಿಗೆ ಹಾಕಲು ಕೂತೆ. ಎರಡು ಸಂಜೆ ಕಳೆದವು. ಕಣ್ಣು ಮುಚ್ಚಿಕೊಂಡು ಹಾಕಿದೆ, ಎಡಗೈಯಲ್ಲಿ ಹಾಕಿದೆ. ಎಡಗೈಯದು ಸೊಟ್ಟಗಾಯಿತು, ಆದರೆ ಎಲ್ಲವೂ ಒಂದೇ ಥರ ಸೊಟ್ಟಗಾಯಿತು. ಬೇಕೆಂದೇ ತಪ್ಪು ಮಾಡಿದವನ ಕೈ ದೂರದಿಂದಲೇ ಗೊತ್ತಾಗುವಂತಿತ್ತು.

ಸುಧಾ ಚಿಂದಿಗಳನ್ನು ಎತ್ತಿ ನೋಡಿದಳು. "ಇದು ನಿಮ್ ಕೈಲಿ ಆಗಲ್ಲ ರೀ. ಹೋಗಿ ಗ್ರೆಗ್ ಅವರನ್ನೇ ಕೇಳಿ."

"ಏನಂತ ಕೇಳ್ಲಿ?"

"ಸುಳ್ಳು ಹೇಳಿದೆ ಅಂತ."

ಕೋಟನ್ನು ಎದೆಗವಚಿಕೊಂಡು ಪಕ್ಕದ ಮನೆಗೆ ಹೋದೆ. ಹೇಳಬೇಕೆಂದುಕೊಂಡಿದ್ದರಲ್ಲಿ ಅರ್ಧ ಹೇಳುವಷ್ಟರಲ್ಲಿ ಗ್ರೆಗ್ ಕಾಗದ ಓದಿ ಮುಗಿಸಿದ್ದ. ನನ್ನ ತಪ್ಪೊಪ್ಪಿಗೆಯ ಬಗ್ಗೆ ಅವನಿಗೆ ಆಸಕ್ತಿಯೇ ಇದ್ದಂತೆ ಕಾಣಲಿಲ್ಲ. ಸೋಪು ಹಚ್ಚಿ ಕೈ ತೊಳೆದು ಬಂದು ಕೋಟನ್ನು ಮೇಜಿನ ಮೇಲೆ ಹರಡಿದ.

"ಈ ಕೋಟಿನವನ ಕಡೆ ನಮ್ಮಜ್ಜ ಗುಂಡು ಹಾರಿಸಿದ್ರೂ ಹಾರಿಸಿರಬಹುದು," ಎಂದ.

"ತಾಗಲಿಲ್ಲವಲ್ಲ," ಎಂದೆ.

"ಅಜ್ಜನ ಗುರಿ ಅಷ್ಟಕ್ಕಷ್ಟೇ." ಅವನು ಕನ್ನಡಕ ಏರಿಸಿ ಸೂಜಿ ಹಿಡಿದ. ಸೂಜಿಯ ಕಣ್ಣು ಅವನಿಗೆ ಕಾಣದು. ದಾರ ನಾನು ಪೋಣಿಸಿಕೊಟ್ಟೆ. ತೋಳು ಜಾರದಂತೆ ನಾನು ಹಿಡಿದುಕೊಂಡೆ. ಒಂದು ಉದ್ದ, ಒಂದು ಗಿಡ್ಡ, ಒಂದು ಅಡ್ಡ. ಬಾಯಿ ಬಿಡಲು ಹೋದಾಗಲೆಲ್ಲ ಅವನು ಕಣ್ಣೆತ್ತಿ ನೋಡುತ್ತಿದ್ದ, ನಾನು ಬಾಯಿ ಮುಚ್ಚುತ್ತಿದ್ದೆ.

ಕೋಟಿನ ಜೊತೆ ನಿಜ ಬರೆದು ಕಳಿಸಿದೆ. ಇಂಗ್ರಿಡ್ ಗ್ರೆಗ್‌ಗೆ ಎರಡು ಪುಟ ಬರೆದರು. ನನಗೆ ಕೊನೆಯಲ್ಲಿ ಒಂದೇ ಸಾಲು, ಕೋಟು ಬಹಳ ಚೆನ್ನಾಗಿ ಇಸ್ತ್ರಿಯಾಗಿತ್ತು ಎಂದು.

ಈಗ ತಂಡದ ಜರ್ಮನರೆಲ್ಲ ಹರಿದ ಬಟ್ಟೆಗಳನ್ನು ನನ್ನ ಗ್ಯಾರೇಜಿಗೇ ತರುತ್ತಾರೆ. ಗ್ರೆಗ್ ನನ್ನ ಕುರ್ಚಿಯಲ್ಲಿ ಕೂತು ಹೊಲಿಯುತ್ತಾನೆ, ನಾನು ದಾರ ಪೋಣಿಸುತ್ತೇನೆ. ಮೊನ್ನೆ ಹೊಸದಾಗಿ ಸೇರಿದವನೊಬ್ಬ ನನ್ನನ್ನು ನೋಡಿ, ಇವರು ಯಾರೆಂದು ಕೇಳಿದ. "ನನ್ನ ಅಸಿಸ್ಟೆಂಟ್," ಎಂದ ಗ್ರೆಗ್, ಹೊಲಿಗೆಯಿಂದ ಕಣ್ಣೆತ್ತದೆ. ಹೊಸಬ ನನ್ನ ಕಡೆ ತಿರುಗಿ, ಹೌದೇ ಎಂಬಂತೆ ನೋಡಿದ. ಈ ಸಲ ಧೈರ್ಯವಾಗಿ ಹೌದು ಎಂದೆ.