ವಿಮಾನ ನಿಲ್ದಾಣದಲ್ಲಿ ಉಡಿ ಹಿಡಿದು

ಕಾಯುವುದು ನನಗೆ ಹೊಸದಲ್ಲ. ಕುಷ್ಟಗಿಯ ಬಸ್ ಸ್ಟ್ಯಾಂಡಿನಲ್ಲಿ ಯಲಬುರ್ಗಿ ಬಸ್ಸಿಗೆ ಕಾದು ಕಾದು, ಕಾಯುವುದರಲ್ಲೇ ಒಂದು ನೆಮ್ಮದಿ ಕಂಡುಕೊಂಡವನು ನಾನು. ಬಸ್ಸಿಗೆ ಕಾಯುವಾಗ ಚಹಾ ಕುಡಿಯಬಹುದು, ಕಂಡಕ್ಟರನ ಜೊತೆ ವಾದ ಮಾಡಬಹುದು, ತೀರಾ ಬೇಸರವಾದರೆ ಮನೆಗೆ ಹೋಗಿ ಉಂಡು ಬರಬಹುದು. ವಿಮಾನಕ್ಕೆ ಕಾಯುವಾಗ ಇದಾವುದೂ ನಡೆಯುವುದಿಲ್ಲ. ನಾನು ವಿಮಾನ ಹತ್ತಿದ್ದು ಜೀವನದಲ್ಲಿ ಒಂದೇ ಸಲ, ಎಂಬತ್ತರ ದಶಕದ ಒಂದು ಬೇಸಿಗೆ ರಜೆಯ ಕೊನೆಗೆ. ಹಾರಿದ್ದಕ್ಕಿಂತ ಹಾರದೆ ಕೂತದ್ದೇ ಇವತ್ತಿಗೂ ಚೆನ್ನಾಗಿ ನೆನಪಿದೆ.

ನನ್ನ ಹೆಂಡತಿ ನೀಲವ್ವನ ಅಕ್ಕ ಮುಂಬಯಿಯಲ್ಲಿದ್ದರು. ಅವರಿಗೆ ಹೊಟ್ಟೆಯ ಆಪರೇಷನ್ ಆಗಬೇಕಿತ್ತು. ರಜೆ ಇತ್ತಲ್ಲ, ಇಬ್ಬರೂ ಹೋಗಿ ಒಂದು ತಿಂಗಳು ಇದ್ದೆವು. ಸಮುದ್ರವನ್ನೂ ನೋಡಿದೆವು, ಡಾಕ್ಟರನ್ನೂ ನೋಡಿದೆವು. ಆದರೆ ಆಪರೇಷನ್ನಿನ ದಿನ ಮುಂದೆ ಮುಂದೆ ಹೋಯಿತು; ನನ್ನ ಶಾಲೆ ತೆರೆಯುವ ದಿನ ಮಾತ್ರ ಎಲ್ಲಿಗೂ ಹೋಗಲಿಲ್ಲ. ಹೊರಡಲೇಬೇಕಾಯಿತು. ಅಕ್ಕನ ಗಂಡ, ಎಂದರೆ ನನ್ನ ಷಡ್ಡಕರು, “ಮಾಸ್ತರ್ರ, ಒಮ್ಮೆರ ಮ್ಯಾಲಿಂದ ನೆಲಾ ನೋಡ್ರಿ” ಎಂದು ಬೆಳಗಾವಿಯವರೆಗೆ ವಿಮಾನದ ಟಿಕೆಟ್ಟು ತಂದುಕೊಟ್ಟರು.

ಹೊರಡುವ ಬೆಳಿಗ್ಗೆ ಅಕ್ಕ ಗೋಡೆ ಹಿಡಿದು ಎದ್ದು ಬಂದು ತಂಗಿಗೆ ಉಡಿ ತುಂಬಿದರು. ಅಕ್ಕಿ, ಒಂದು ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು. ಅಕ್ಕಿ ನಾವೇ ಗಂಗಾವತಿಯಿಂದ ಒಯ್ದದ್ದು. ರೈಲಿನಲ್ಲಿ ಬಂದಿದ್ದ ಅದು ಈಗ ವಿಮಾನದಲ್ಲಿ ಊರಿಗೆ ಹೊರಟಿತ್ತು. ನೀಲವ್ವನ ತವರಿನ ಪದ್ಧತಿಯಂತೆ, ಸೆರಗಿನಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿದ ಉಡಿಯನ್ನು ಮನೆಯ ದೇವರ ಮುಂದೆಯೇ ಇಳಿಸಬೇಕು. ನಡುವೆ ನೆಲಕ್ಕಿಡಬಾರದು, ಒಂದು ಕಾಳೂ ಚೆಲ್ಲಬಾರದು.

“ಚೀಲದಾಗ ಹಾಕ್ಕೊ. ವಿಮಾನದಾಗ ಮಂದಿ ಏನಂದಾರು?” ಎಂದೆ ನಾನು.

“ಏನರ ಅನ್ಲಿ. ಇದು ಸುಸೂತ್ರ ಮನಿ ಮುಟ್ಟಿದ್ರ ಅಕ್ಕನೂ ದವಾಖಾನಿಂದ ಸುಸೂತ್ರ ಮನಿಗಿ ಬರ್ತಾಳ” ಎಂದಳು.

ನಾನು ವಿಜ್ಞಾನದ ಮಾಸ್ತರ. ಇದಕ್ಕೂ ಅದಕ್ಕೂ ಏನು ಸಂಬಂಧ ಎಂದು ಟ್ಯಾಕ್ಸಿಯಲ್ಲಿ ಉದ್ದಕ್ಕೂ ವಿವರಿಸಿದೆ. ಅವಳು ಕಿಟಕಿಯಾಚೆ ನೋಡುತ್ತ ಕೂತಳು.

ತಪಾಸಣೆಯಲ್ಲಿ ಹೆಂಗಸರ ಪರದೆಯೊಳಗೆ ಅವಳು ಹೋದಾಗ ನಾನು ಆ ಪರದೆಯನ್ನೇ ನೋಡುತ್ತ ನಿಂತೆ. ಸೊಂಟದಲ್ಲಿ ಅಷ್ಟು ದೊಡ್ಡ ಗಂಟು! ಆದರೆ ಅವಳು ನಗುತ್ತ ಹೊರಬಂದಳು. ಮರಾಠಿ ಪೊಲೀಸಮ್ಮ ಗಂಟು ಮುಟ್ಟಿ, “ಓಟಿ?” ಎಂದು ಕೇಳಿ, ಆ ಬೆರಳುಗಳನ್ನೇ ಕಣ್ಣಿಗೊತ್ತಿಕೊಂಡು ಕಳಿಸಿದಳಂತೆ. ಅವರಲ್ಲೂ ಇದೇ ಪದ್ಧತಿ; ಉಡಿಗೆ ಓಟಿ ಅನ್ನುತ್ತಾರೆ.

ಒಂಬತ್ತಕ್ಕೆ ಹೊರಡಬೇಕಿದ್ದ ವಿಮಾನ ಬೆಳಗಾವಿಯ ಮಳೆಯಿಂದಾಗಿ ಹನ್ನೊಂದಕ್ಕೆ ಎಂದರು. ಆಮೇಲೆ ಒಂದಕ್ಕೆ. ಆಮೇಲೆ ಹೊತ್ತು ಹೇಳುವುದನ್ನೇ ಬಿಟ್ಟರು. ನಾನು ನಾಲ್ಕು ಸಲ ಚಹಾ ಕುಡಿದೆ. ನೀಲವ್ವ ಬೇಡ ಎಂದಳು. ನೀರು ಕೊಟ್ಟೆ, ಅದೂ ಬೇಡ. ಎರಡು ಗಂಟೆಯ ಹೊತ್ತಿಗೆ ಅವಳು ಮುಖ ಬಾಡಿಸಿಕೊಂಡು, ಕಾಲ ಮೇಲೆ ಕಾಲು ಬಿಗಿದುಕೊಂಡು ಕೂತಿದ್ದಳು.

“ಯಾಕ? ಆರಾಮಿಲ್ಲೇನು?”

“ಉಡಿ ಕಟ್ಕೊಂಡು ಅಲ್ಲಿ ಹ್ಯಾಂಗ ಹೋಗ್ಲಿ?” ಎಂದು ಸಂಡಾಸದ ಕಡೆ ಕಣ್ಣು ಮಾಡಿದಳು. ಇದು ಬೆಳಗಿನಿಂದಲೂ ಇದ್ದ ಸಂಕಟ. ಪಕ್ಕದಲ್ಲೇ ಚಹಾ ಹೀರುತ್ತಿದ್ದ ನನಗೆ ಕಂಡಿರಲಿಲ್ಲ.

ಷಡ್ಡಕರು ಉಡುಗೊರೆಯೆಂದು ಆಯೇರಿ ಮಾಡಿದ್ದ ಹೊಸ ಟವೆಲ್ಲನ್ನು ತೊಡೆಯ ಮೇಲೆ ಹಾಸಿದೆ. “ಇಲ್ಲಿ ಹಾಕು.”

ಅವಳು ನನ್ನನ್ನೇ ನೋಡಿದಳು. “ಏಳಬಾರ್ದ್ರಿ ಮತ್ತ.”

“ಏಳೂದಿಲ್ಲ.”

ಗಂಟು ಬಿಚ್ಚಿ, ಕಾಳು ಕಾಳೂ ಕೊಡವಿ, ಬಿರಬಿರನೆ ಹೋದಳು. ಅದೇ ಗಳಿಗೆಗೆ ಬೆಳಗಾವಿ ವಿಮಾನ ಹೊರಡುತ್ತಿದೆ ಎಂದು ಕೂಗಿದರು. ಐದು ತಾಸು ಕೂತಿದ್ದ ಮಂದಿಯೆಲ್ಲ ಎದ್ದು ಓಡಿದರು. ನಾನೊಬ್ಬ, ತುಂಬಿದ ಮಡಿಲನ್ನು ಎರಡೂ ಕೈಯಲ್ಲಿ ಹಿಡಿದು ಕುಕ್ಕರಿಸಿಯೇ ಇದ್ದೆ. ಬೆಳಗಾವಿಯ ಅಜ್ಜಿಯೊಬ್ಬಳು ಓಡುವುದನ್ನು ನಿಲ್ಲಿಸಿ, “ಎಷ್ಟ್ ತಿಂಗಳಾತ್ರಿ, ಸರ? ಉಡಿ ತುಂಬಿ ಕೂಡ್ಸ್ಯಾರಲ್ಲ?” ಎಂದಳು. ಬಸುರಿಯಂತೆಯೇ ನಾಚಿದೆ.

ನೀಲವ್ವ ಬಂದಳು. ನಾನು “ಕರ್ಯಾಕತ್ತಾರ, ಲಗೂ!” ಎಂದು ಕೂಗಿದರೂ ಕೇಳದೆ, “ಕರೀಲಿ. ಸಾವಕಾಶ ಹಾಕ್ರಿ” ಎಂದು ಸೆರಗೊಡ್ಡಿದಳು. ನನ್ನ ಅವಸರಕ್ಕೆ ಮೂರು ಕಾಳು ನೆಲಕ್ಕೆ ಬಿದ್ದವು. ನುಣ್ಣನೆಯ ಆ ನೆಲದ ಮೇಲೆ ಮೊಣಕಾಲೂರಿ ಹೆಕ್ಕಿದೆ. ಕೊನೆಯವರಾಗಿ ವಿಮಾನ ಹತ್ತಿದೆವು. ಮೋಡದಲ್ಲಿ ಅದು ಧಡಧಡ ಕುಲುಕಿದಾಗ ಸೀಟಿನ ಪಟ್ಟಿ ಹಿಡಿಯುವ ಬದಲು ನಾನು ಅವಳ ಉಡಿಯ ಗಂಟು ಹಿಡಿದಿದ್ದೆ. ಕಾಳು ಚೆಲ್ಲಬಾರದೆಂದೇ ಹಿಡಿದದ್ದು ಎಂದು ಅವಳಿಗೆ ಹೇಳಿದೆ.

ಮರುದಿನ ಕುಷ್ಟಗಿ ಮುಟ್ಟಿ, ದೇವರ ಮುಂದೆ ಉಡಿ ಬಿಚ್ಚಿ, ಆ ಅಕ್ಕಿಯನ್ನೆಲ್ಲ ಅಂದೇ ಪಾಯಸ ಮಾಡಿದಳು. ಉಂಡು, ಅಂಗಿ ಕಳಚುವಾಗ ಕಿಸೆಯಲ್ಲಿ ಬೆರಳಿಗೆ ಏನೋ ತಾಕಿತು. ಒಂದು ಅಕ್ಕಿಕಾಳು. ಮೂರು ಹೆಕ್ಕಿದವನು ಗಡಿಬಿಡಿಯಲ್ಲಿ ಒಂದನ್ನು ಕಿಸೆಗೆ ಹಾಕಿಕೊಂಡು, ಎರಡನ್ನಷ್ಟೇ ಕೊಟ್ಟಿದ್ದೆ! ಪಾತ್ರೆ ಆಗಲೇ ಖಾಲಿಯಾಗಿತ್ತು. ಬಾಗಿಲ ಹಿಂದೆ ನಿಂತು ಅದನ್ನು ಹಸಿಯಾಗಿಯೇ ಬಾಯಿಗೆ ಹಾಕಿ ಕಡಿದು ನುಂಗಿದೆ. ಆದರೂ ಸಮಾಧಾನವಾಗಲಿಲ್ಲ. ಹದಿನೈದು ದಿನ ತರಗತಿಯಲ್ಲಿ ಕಾರ್ಯಕಾರಣ ಸಂಬಂಧದ ಪಾಠ ಮಾಡುತ್ತ, ಕಿಟಕಿಯಿಂದ ಅಂಚೆಯವನ ದಾರಿ ನೋಡಿದೆ.

ಪತ್ರ ಬಂತು. ಅಕ್ಕ ಮನೆಗೆ ಬಂದಿದ್ದರು, ತಾವೇ ನಡೆದು. ನೀಲವ್ವ ಅದನ್ನು ಎರಡು ಸಲ ಓದಿ ಕಣ್ಣೊರೆಸಿಕೊಂಡಳು.

“ಒಂದ ಕಾಳೂ ಕಡಿಮಿ ಆಗ್ಲಾರ್ದಂಗ ತಂದಿದ್ನಲ್ರಿ. ನಿಮಗ ಇದೆಲ್ಲಾ ಪಟಾಯ್ಸೂದಿಲ್ಲ, ಬಿಡ್ರಿ.”

“ಇಲ್ಲ, ನಾ ನಂಬೂದಿಲ್ಲ” ಎಂದೆ. ಎಂದವನು, ನಾಲಿಗೆಯಿಂದ ಹಿಂದಿನ ಹಲ್ಲನ್ನು ಇನ್ನೊಮ್ಮೆ ಸವರಿ ನೋಡಿಕೊಂಡೆ, ಆ ಕಾಳಿನ ಚೂರೇನಾದರೂ ಅಲ್ಲಿ ಉಳಿದಿದೆಯೋ ಎಂದು.