ಶಾವಿಗೆಯ ಬಲದ ಮೇಲೆ ನಿಂತ ಧರ್ಮಶಾಲೆ

ಜೋರಾಪುರ ಪೇಟೆಯಲ್ಲಿ ಒಂದು ಕಲ್ಲಿನ ಕಟ್ಟಡ ಇವತ್ತಿಗೂ ನಿಂತಿರುವುದು ಶಾವಿಗೆಯ ಬಲದ ಮೇಲೆ! ನಗಬೇಡಿ. ನಾನು ಹಾರ್ಡ್‌ವೇರ್ ಅಂಗಡಿಯವ, ಯಾವುದರ ಬಲ ಎಷ್ಟೆಂದು ಬಲ್ಲೆ. ಆ ಶಾವಿಗೆ ನನ್ನ ಸೋದರತ್ತೆಯದು.

ಕಟ್ಟಡ ನಮ್ಮ ಸಮಾಜದ ಹಳೆಯ ಧರ್ಮಶಾಲೆ. ದಿನಾ ಸಂಜೆ ಅತ್ತೆ ಬೀಗ ತೆಗೆಯುತ್ತಾಳೆ, ಪೇಟೆಯ ಹೆಣ್ಣುಮಕ್ಕಳು ಅಲ್ಲಿ ಕೂತು ಓದುತ್ತಾರೆ; ಮನೆಗಳಲ್ಲಿ ಟಿ.ವಿ. ಗದ್ದಲದಲ್ಲಿ ಓದುವುದುಂಟೇ? ಅದನ್ನು ಕೆಡವಿ ಮಳಿಗೆ ಕಟ್ಟಿಸುವ ಆಸೆ ಪಂಚರಿಗೆ ಹುಟ್ಟಿತು. ಸಿಮೆಂಟು ಮಾರುವ ನಾನು ಬೇಡವೆನ್ನುತ್ತೇನೆಯೇ?

ಆದರೆ ನಮ್ಮಲ್ಲೊಂದು ಪದ್ಧತಿ. ಸಮಾಜದ ಯಾವ ತೀರ್ಮಾನವಾದರೂ ಆ ಧರ್ಮಶಾಲೆಯೊಳಗೇ ಜಮಖಾನೆ ಹಾಸಿ ಕೂತು ಆಗಬೇಕು. ಹೊರಗೆ ಆಡಿದ್ದೆಲ್ಲ ಹರಟೆ. ಅತ್ತೆ ಹಿಡಿದದ್ದು ಇದನ್ನೇ. ಜಮಖಾನೆ ಹಾಸಲು ಜಾಗವೇ ಇಲ್ಲದಿದ್ದರೆ?

ಮೊದಲ ಸಭೆಯ ದಿನ ಅತ್ತೆ ಒಳಗೆ ಗೋಡೆಯಿಂದ ಗೋಡೆಗೆ ಕೋಲು ಕಟ್ಟಿ ಶಾವಿಗೆ ಒಣಹಾಕಿದ್ದಳು.

“ಯವ್ವಾ, ಸ್ವಲ್ಪ ಸರಸ್ರಿ, ಕೂಡಬೇಕಾಗೇತಿ” ಎಂದರು ಹಿರಿಯ ಪಂಚರು.

“ಹಸಿ ಅದಾವ್ರೀ ಸಾವಕಾರ್ರ. ಮುರದ್ರ ನಿಮ್ಮ ಮನಿಯವ್ರಿಗೆ ನೀವ ಉತ್ತರಾ ಕೊಡ್ರಿ. ಅವರವೂ ಇದರಾಗ ಅದಾವು.”

ಪಂಚರು ಚಪ್ಪಲಿ ಮೆಟ್ಟಿದರು!

ಮುಂದಿನ ಸಭೆಯ ದಿನ ಹೆಸರಿಡುವ ಶಾಸ್ತ್ರವೆಂದು ಅತ್ತೆ ತಿಕೋಟಾದ ಬೀಗರ ಕೂಸನ್ನೇ ತೊಟ್ಟಿಲ ಸಮೇತ ಅಲ್ಲಿಗೆ ತರಿಸಿದಳು.

“ತಿಕೋಟಾದ ಕೂಸಿಗೆ ಇಲ್ಲ್ಯಾಕ ಹೆಸರಿಡಬೇಕ ಅತ್ತಿ?” ಎಂದೆ.

“ಇಲ್ಲಿ ಇಟ್ರ ಶ್ಯಾಣ್ಯಾ ಆಗ್ತದ.”

“ನನಗ ಎಲ್ಲಿ ಇಟ್ಟಿದ್ರಿ?”

“ಬಬಲೇಶ್ವರದಾಗ. ಅದಕ್ಕ ಹೇಳಾಕತ್ತೇನಿ.”

ಆ ದಿನವೂ ಸಭೆ ಕೂಡಲಿಲ್ಲ. ಕೊನೆಗೆ ಪಂಚರು ನನ್ನನ್ನೇ ಮಾತಿಗೆ ಕಳಿಸಿದರು. ಬಬಲೇಶ್ವರದ ಸಂತೆಯಲ್ಲಿ ಮೊಳೆ ಮಾರುತ್ತ ಚೌಕಾಸಿ ಕಲಿತವನು ನಾನು. ಗುಟ್ಟು ಹೇಳುತ್ತೇನೆ, ನೆನಪಿಡಿ: ಮೊದಲು ಬಾಯಿ ಬಿಟ್ಟವನು ಸೋತ. ಸುಮ್ಮನೆ ಕೂತೆ. ಅತ್ತೆಯೂ ಸುಮ್ಮನೆ ಶಾವಿಗೆ ಹೊಸೆಯುತ್ತ ಕೂತಳು. ಹೊತ್ತು ಮುಳುಗಿತು. ನನ್ನ ಹೊಟ್ಟೆ ಗುರುಗುಟ್ಟಿತು.

“ಎಷ್ಟ ದಿನಾ ಹಿಂಗ, ಅತ್ತಿ?” ಎಂದುಬಿಟ್ಟೆ. ಸೋತೆ!

“ಪಂಚರು ಬರ್ಲಿ. ಆದ್ರ ಹುಡುಗ್ಯಾರು ಓದೂ ಹೊತ್ತಿಗೆ ಬರ್ಲಿ. ಅವರ ಮುಂದ ಕುಂತು ಕೆಡವತೇವಿ ಅನ್ಲಿ. ನಾ ಅಡ್ಡ ಬರೂದಿಲ್ಲ.”

ಬಂದರು. ಹುಡುಗಿಯರು ಸರಿದು ಜಾಗ ಕೊಟ್ಟರು. ಹಿರಿಯ ಪಂಚರು ಗಂಟಲು ಸರಿಮಾಡಿಕೊಂಡಿದ್ದೇ ತಡ, ಅವರ ಮೊಮ್ಮಗಳೇ ಪುಸ್ತಕದಿಂದ ತಲೆಯೆತ್ತಿ, “ಅಜ್ಜಾ, ಸಾವಕಾಶ ಮಾತಾಡ್ರಿ, ನಾಳಿ ಪರೀಕ್ಷಾ ಐತಿ” ಎಂದಳು.

ಸಭೆ ಪಿಸುಮಾತಿನಲ್ಲೇ ನಡೆಯಿತು. ಪಿಸುಮಾತಿನಲ್ಲಿ ಕಟ್ಟಡ ಕೆಡಹುವುದು ಹೇಗೆ? ಹಿರಿಯ ಪಂಚರು ಮೊಮ್ಮಗಳನ್ನು ನೋಡಿದರು, ಆಮೇಲೆ ತಲೆಯೆತ್ತಿ ಛಾವಣಿ ನೋಡಿದರು.

“ಮಾಳಗಿ ಸೋರತೈತೇನವಾ?”

ಮಾಳಿಗೆ ರಿಪೇರಿ ಮಾಡಿಸಬೇಕು, ಕಟ್ಟಡ ಇರಬೇಕು. ತೀರ್ಮಾನ ಅಷ್ಟೇ. ಸಾಮಾನೆಲ್ಲ ನನ್ನ ಅಂಗಡಿಯಿಂದಲೇ ಎಂದು ಅತ್ತೆ ಅಲ್ಲೇ ಸಾರಿದಳು. ಹಿಗ್ಗಿದೆ. ಪುಕ್ಕಟೆ ಎಂಬುದು ಪೇಟೆಗೆಲ್ಲ ಗೊತ್ತಾಗಿ ಕೊನೆಗೆ ನನಗೆ ಗೊತ್ತಾಯಿತು!

ಮರುದಿನ ಸಂಜೆ ಹುಡುಗಿಯರು ಅಂಗಡಿಗೆ ಬಂದರು. ಧರ್ಮಶಾಲೆಯ ಬಾಗಿಲು ತೆಗೆದಿಲ್ಲವಂತೆ. ಅತ್ತೆ ಬಾಗಿಲು ತೆಗೆಯದ ಸಂಜೆಯನ್ನು ನಾನು ಕಂಡಿರಲಿಲ್ಲ. ಅವಳ ಮನೆಗೆ ಓಡಿದೆ.

ಅವಳ ಸೊಸೆ ತುಟಿಯ ಮೇಲೆ ಬೆರಳಿಟ್ಟಳು. “ಎಬ್ಬಸಬ್ಯಾಡ್ರಿ. ಇದು ಶುರುವಾದಾಗಿಂದ ನಿದ್ದಿನ ಇದ್ದಿದ್ದಿಲ್ಲರೀ. ಇವತ್ತ ಕಣ್ಣ ಹತ್ಯಾವ.”

ಗೋಡೆಗೆ ಮುಖಮಾಡಿ, ಮೊಣಕಾಲು ಮಡಚಿ, ಶಾಲೆಯಿಂದ ದಣಿದು ಬಂದ ಹುಡುಗಿಯಂತೆ ಮಲಗಿದ್ದಳು. ದಿಂಬಿನಡಿಯ ಬೀಗದಕೈಯನ್ನು ಮೆಲ್ಲಗೆ ಎಳೆದುಕೊಂಡೆ. ಅವಳಿಗೆ ಎಚ್ಚರವಾಗಲಿಲ್ಲ.

ಹೋಗಿ ಬಾಗಿಲು ತೆಗೆದೆ. ಕಸ ಹೊಡೆದು, ದೀಪ ಹಚ್ಚಿ, ಹುಡುಗಿಯರು ಓದಿ ಮುಗಿಸುವತನಕ ಹೊಸ್ತಿಲ ಹತ್ತಿರ ಕೂತಿದ್ದೆ.