ಆಷಾಢದ ಗಾಳಿಗೆ ಹಾರಿದ ಮಾವ

ನಮ್ಮ ಸೋದರಮಾವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ ಎಂದರೆ ಜಂಬ ಜಾಸ್ತಿ ಎಂದುಕೊಳ್ಳಬೇಡಿ. ನಾನು ಹೇಳುತ್ತಿರುವುದು ಅಳತೆಯ ಮಾತು. ನೆಲಕ್ಕೂ ಅವನ ಹಿಮ್ಮಡಿಗೂ ನಡುವೆ ಒಂದು ಮೊಳ ಬರೀ ಗಾಳಿ! ಸಾಕ್ಷಿ ನಾನೇ, ಆಗ ಅವನ ಕಾಲು ಹಿಡಿದುಕೊಂಡಿದ್ದವನೂ ನಾನೇ.

ತೊಂಬತ್ತರ ದಶಕದ ಕೊನೆ. ಚುಂಚನಕಟ್ಟೆ ಹತ್ತಿರ ಹೊಳೆದಂಡೆಯ ಅಜ್ಜಿಮನೆಯಲ್ಲಿದ್ದುಕೊಂಡು ಕೆ.ಆರ್. ನಗರದ ಕಾಲೇಜಿಗೆ ಹೋಗುತ್ತಿದ್ದೆ. ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದಿದ್ದೆ; ಆದ್ದರಿಂದ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಮಾವನಿಗೆ ಮೂವತ್ತೈದು ದಾಟಿದ ಮೇಲೆ ಆ ಬೇಸಿಗೆಯಲ್ಲಷ್ಟೇ ಮದುವೆಯಾಗಿತ್ತು. ಅಷ್ಟರಲ್ಲಿ ಆಷಾಢ ಬಂತು. ಹೊಸ ಜೋಡಿ ಒಂದೇ ಸೂರಿನಡಿ ಇರಬಾರದೆಂದು ಅತ್ತೆಯನ್ನೂ ಅವಳ ಹೊಲಿಗೆ ಮಿಷನ್ನನ್ನೂ ಹೊಳೆಯಾಚೆಯ ತವರಿಗೆ ಕಳಿಸಿದರು. ನಾನು ಬಿಡುತ್ತೇನೆಯೇ? ಈ ಪದ್ಧತಿ ಏಕೆ ಅರ್ಥಹೀನ ಎಂದು ಅಜ್ಜಿಯೆದುರು ಅರ್ಧ ಗಂಟೆ ವಾದ ಮಂಡಿಸಿದೆ.

"ನೀನೇ ಗೆದ್ದೆ ಕಣಪ್ಪ," ಎಂದಳು ಅಜ್ಜಿ. "ಅವಳು ಶ್ರಾವಣಕ್ಕೇ ಬರೋದು."

ಅದೇ ವಾರ ಮಾವ ಟೀವಿಯಲ್ಲಿ ಬಿಳಿಯರು ಬಟ್ಟೆಯ ರೆಕ್ಕೆ ಕಟ್ಟಿಕೊಂಡು ಬೆಟ್ಟದಿಂದ ಧುಮುಕುವುದನ್ನು ನೋಡಿದ. ಮಾರನೆಯ ದಿನ ಕೊಟ್ಟಿಗೆಯ ಬಿದಿರು, ರಾಗಿ ಒಣಗಿಸುವ ಟಾರ್ಪಾಲು, ಬಾವಿಯ ಹಗ್ಗ ಎಲ್ಲ ಮಾಯ! ಎಲ್ಲ ಸೇರಿ ಅಂಗಳದಲ್ಲೊಂದು ದೈತ್ಯ ಗಾಳಿಪಟವಾಗಿತ್ತು; ಬಾಲಕ್ಕೆ ಅಜ್ಜಿಯ ಕೆಂಪು ಸೀರೆ.

"ಮಾವ, ಇದು ಗಾಳಿಪಟ ಅಲ್ಲ, ಮದುವೆ ಚಪ್ಪರ."

"ಸ್ಪೋರ್ಟ್ಸ್ ಕಣ್ಲಾ ಅಳಿಯ! ಟೀವಿಲಿ ನೋಡ್ಲಿಲ್ವಾ?"

"ಅವರ ತಲೇಲಿ ಹೆಲ್ಮೆಟ್ ಇತ್ತು."

ಒಳಗೆ ಹೋದ. ತಲೆಗೆ ಅಲ್ಯೂಮಿನಿಯಂ ತಪ್ಪಲೆ ಕವುಚಿ, ಗಲ್ಲದ ಕೆಳಗೆ ದಾರ ಕಟ್ಟಿಕೊಂಡು ಬಂದ. "ಈಗೇಳು!"

ಆ ಭಾರದ ಪಟ ತಂಗಾಳಿಗೆಲ್ಲ ಜಗ್ಗುತ್ತಿರಲಿಲ್ಲ. ಗಾಳಿ ಮರ ಮುರಿಯುವಂತೆ ಬೀಸತೊಡಗಿದರೆ ಊರವರು ಮನೆಯೊಳಕ್ಕೆ ಓಡುತ್ತಿದ್ದರು, ಮಾವ ದಿಣ್ಣೆಗೆ ಓಡುತ್ತಿದ್ದ. ಮೊದಲ ದಿನವೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡವನನ್ನು ಪಟ ಪಕ್ಕದವರ ಭತ್ತದ ಸಸಿಮಡಿಯಲ್ಲಿ ಅಂಗಾತ ಎಳೆದೊಯ್ದಿತು. ಮಡಿಯ ಯಜಮಾನ ಬದುವಿನ ಮೇಲೆ ನಿಂತು ಕೇಳಿದ: "ಏನ್ ಗೌಡ್ರೇ, ಎತ್ತಿಲ್ದೇನೇ ಉಳ್ತಾ ಇದೀರಾ?"

ಇನ್ನು ಸುಮ್ಮನಿರಬಾರದೆಂದು ನಾನು ಅಂಶವಾರು ಎಚ್ಚರಿಸಿದೆ. ಒದ್ದೆ ಹಗ್ಗ ಕರೆಂಟ್ ತಂತಿಗೆ ತಾಗಿದರೆ? ಸಿಡಿಲು ಬಡಿದರೆ? ಗಾಳಿ ನಿನ್ನನ್ನೇ ಎತ್ತಿ ಹೊಳೆಗೆ ಹಾಕಿದರೆ? ಮಾವ ಸಾವಧಾನವಾಗಿ ಬೀಡಿ ಹಚ್ಚಿದ.

"ಕಪ್ ಗೆದ್ದೆಯಲ್ಲ, ಆ ಭಾಷಣದ ಆಲ್‌ನಾಗೆ ಗಾಳಿ ಇತ್ತೇನ್ಲಾ?"

"ಫ್ಯಾನ್ ಇತ್ತು."

"ಅಂಗಾದ್ರೆ ಬುಡು. ನಿಂಗೆ ಗಾಳಿ ವಿಷ್ಯ ಗೊತ್ತಿಲ್ಲ."

ಒಂದು ಮಧ್ಯಾಹ್ನ ಮಳೆಯೂ ಸೇರಿಕೊಂಡಿತು. ನಾನು ಓಡಿಹೋಗುವಷ್ಟರಲ್ಲಿ ಮಾವನ ಹಿಮ್ಮಡಿ ನೆಲ ಬಿಟ್ಟಿತ್ತು. ಪಟ ಅವನನ್ನು ಹೊಳೆಯತ್ತ ಜಗ್ಗುತ್ತಿತ್ತು. ನೆನೆದ ಗಂಟು ಬಿಚ್ಚಲೊಲ್ಲದು. ಎರಡೂ ಕಾಲು ತಬ್ಬಿ ಹಿಡಿದೆ. ನಾನೂ ಜಾರತೊಡಗಿದೆ! ಅವನ ಸೊಂಟದಲ್ಲಿದ್ದ ಕುಡುಗೋಲನ್ನೇ ಕಿತ್ತು ಹಗ್ಗ ಕುಯ್ದೆ. ಇಬ್ಬರೂ ಕೆಸರಿಗೆ ಬಿದ್ದೆವು. ತಪ್ಪಲೆ ಠಣ್ಣೆಂದಿತು. ಪಟ ಕೆಂಪು ಬಾಲ ಆಡಿಸುತ್ತಾ ಹೊಳೆ ದಾಟಿತು.

"ಕುಯ್ದ್ಬುಟ್ಯಲ್ಲೋ ಪಾಪಿ!" ಎಂದ. ಜೀವ ಉಳಿಸಿದವನಿಗೆ ಸಿಕ್ಕ ಬಹುಮಾನ.

ಆಮೇಲೆ ಮೂರು ದಿನ ಮಾವ ಸರಿಯಾಗಿ ಉಣ್ಣಲಿಲ್ಲ, ಟೀವಿ ಹಾಕಲಿಲ್ಲ. ವಿವೇಕ ಗೆದ್ದಿತೆಂದು ನಾನು ಎದೆ ಉಬ್ಬಿಸಿಕೊಂಡು ತಿರುಗಿದೆ.

ನಾಲ್ಕನೆಯ ದಿನ ಬಸ್ ಕಂಡಕ್ಟರ್ ಮನೆ ಮುಂದೆ ಒಂದು ಗಂಟು ಇಳಿಸಿ ಹೋದ. ಒಳಗೆ ಒಗೆದು ಮಡಚಿದ ಟಾರ್ಪಾಲು, ಇಸ್ತ್ರಿ ಮಾಡಿದ ಅಜ್ಜಿಯ ಸೀರೆ. ಅದರಡಿಯಲ್ಲಿ ತೆಳು ಲೈನಿಂಗ್ ಬಟ್ಟೆಯ ಹೊಸ ಗಾಳಿಪಟ. ಅಂಚಿಗೆಲ್ಲ ಎರಡೆರಡು ಸಾಲು ಮಿಷನ್ ಹೊಲಿಗೆ. ಜೊತೆಗೊಂದು ಚೀಟಿ. ಮಾವ ಓದಿ ನನ್ನ ಕೈಗಿಟ್ಟ.

"ದಿನಾ ಹಿತ್ತಲಲ್ಲಿ ನಿಂತು ನೋಡುತ್ತಿದ್ದೆ. ಮೊನ್ನೆ ಪಟ ಒಂದೇ ಬಂತು. ನೀವು ಏನಾದಿರೋ ಎಂದು ಜೀವವೇ ಹೋದಂತಾಯಿತು. ಟಾರ್ಪಾಲು ಇರುವುದು ರಾಗಿ ಒಣಗಿಸಲು. ಇದು ಸಣ್ಣ ಗಾಳಿಗೂ ಏರುತ್ತದೆ. ಮಳೆಗಾಳಿಯಲ್ಲಿ ಬೇಡ. ಪಟ ಚಿಕ್ಕದಾದರೇನು, ನನ್ನ ಕಣ್ಣು ಚೆನ್ನಾಗೇ ಕಾಣುತ್ತದೆ."

ಸ್ಪೋರ್ಟ್ಸ್ ಅಂತೆ, ಸ್ಪೋರ್ಟ್ಸ್! ಗಾಳಿ ಬೀಸುವ ಕಡೆಗೇ ಅತ್ತೆಯ ಊರಿದೆ ಎಂಬುದು ಕಪ್ ಗೆದ್ದ ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಅಂದು ಸಂಜೆ ಮೋಡ ಕಟ್ಟಿತು. ಮಾವ ತಲೆಯೆತ್ತಿ ನೋಡಿದ, ಪಟವನ್ನು ಮಡಚಿ ಒಳಗಿಟ್ಟ. ನನ್ನ ಮೂರು ಅಂಶಗಳಿಂದ ಆಗದ ಕೆಲಸ!

ಮಾರನೆಯ ದಿನ ಬಿಸಿಲು, ಎಳೆ ಗಾಳಿ. ಪಟ ಹಗುರಾಗಿ ಮೇಲೇರಿತು. ಮಾವ ತಪ್ಪಲೆ ಇಲ್ಲದ ತಲೆ ಎತ್ತಿಕೊಂಡು ದಾರ ಬಿಡುತ್ತಿದ್ದ. ಹೊಳೆಯಾಚೆ, ಒಂದು ಮನೆಯ ಹಿಂದೆ ಏನೋ ಸಣ್ಣಗೆ ನಿಂತಂತಿತ್ತು. ಅತ್ತೆ ಇರಬಹುದು, ಹುಲ್ಲಿನ ಮೆದೆಯೂ ಇರಬಹುದು. ಬೇರೆ ದಿನವಾಗಿದ್ದರೆ ಪುರಾವೆ ಸಾಲದು ಎನ್ನುತ್ತಿದ್ದೆ.

ಅವತ್ತು ಕೈ ಬೀಸಿದೆ.